ಟ್ರ್ಯಾಕರ್ ತಡೆಯಲು ಒಂದೇ ಆಡ್‌ಆನ್ ಸಾಕು, ಅದರ ಪ್ಯಾನೆಲ್ ಓದಲು ಬಂದರೆ

ಆಡ್‌ಆನ್ (ಬ್ರೌಸರಿಗೆ ಸೇರಿಸುವ ಚಿಕ್ಕ ತಂತ್ರಾಂಶ) ಹಾಕುವ ಮೊದಲು ಒಂದು ಕೆಲಸ ಮಾಡಿ. ಕಂಪ್ಯೂಟರಿನಲ್ಲಿ ಹೊಸ ಟ್ಯಾಬ್ ತೆರೆದು ಎಫ್12 ಒತ್ತಿ. ಪಕ್ಕದಲ್ಲೋ ಕೆಳಗೋ ಒಂದು ಕಿಟಕಿ ಬಿಚ್ಚಿಕೊಳ್ಳುತ್ತದೆ. ಅದರಲ್ಲಿ ನೆಟ್‌ವರ್ಕ್ ಅನ್ನುವ ಭಾಗಕ್ಕೆ ಹೋಗಿ, ಆಮೇಲೆ ನೀವು ದಿನಾ ಓದುವ ಯಾವುದಾದರೂ ಸುದ್ದಿ ಸೈಟಿನ ವಿಳಾಸ ಹೊಡೆಯಿರಿ. ಸಾಲಿನ ಮೇಲೆ ಸಾಲು ಇಳಿಯಲು ಶುರುವಾಗುತ್ತದೆ. ಒಂದೊಂದು ಸಾಲೂ ನಿಮ್ಮ ಬ್ರೌಸರ್ ಯಾರಿಗೋ ಕಳಿಸಿದ ಕೋರಿಕೆ. ಡೊಮೇನ್, ಅಂದರೆ ಸೈಟಿನ ಹೆಸರು ಇರುವ ಕಾಲಂ ಮೇಲೆ ಕಣ್ಣಾಡಿಸಿ. (ಕ್ರೋಮ್‌ನಲ್ಲಿ ಆ ಕಾಲಂ ಕಾಣದಿದ್ದರೆ ತಲೆಸಾಲಿನ ಮೇಲೆ ಬಲ ಕ್ಲಿಕ್ ಮಾಡಿ ಆರಿಸಿಕೊಳ್ಳಿ.) ನೀವು ಹೊಡೆದ ಹೆಸರು ಒಂದೇ. ಅಲ್ಲಿರುವ ಹೆಸರುಗಳು ಎಷ್ಟು, ನೋಡಿದಿರಾ?

ನೆಂಟರಿಷ್ಟರ ಕಂಪ್ಯೂಟರ್ ಸರಿಮಾಡುವ ಕೆಲಸ ಹೇಗೋ ನನ್ನ ಪಾಲಿಗೆ ಬಂದುಬಿಟ್ಟಿದೆ. ಬ್ಲಾಕರ್, ಅಂದರೆ ಟ್ರ್ಯಾಕರ್ ತಡೆಯುವ ಆಡ್‌ಆನ್, ಹಾಕಿಕೊಡು ಅಂತ ಯಾರು ಕೇಳಿದರೂ ಮೊದಲು ಈ ಪಟ್ಟಿಯನ್ನೇ ತೋರಿಸುತ್ತೇನೆ. "ಅದೆಲ್ಲ ಬೇಡ ಮಾರಾಯ, ಹಾಕಿ ಕೊಡು ಸಾಕು" ಅನ್ನುತ್ತಾರೆ. ಆದರೆ ಸುಮ್ನೆ ಹಾಕಿಕೊಟ್ಟರೆ ಏನಾಗುತ್ತದೆ ಗೊತ್ತಾ? ಒಂದು ದಿನ ಯಾವುದೋ ಪುಟ ಸರಿಯಾಗಿ ತೆರೆಯುವುದಿಲ್ಲ. ಯಾಕೆ ಅಂತ ತಿಳಿಯುವುದಿಲ್ಲ. ಬ್ಲಾಕರನ್ನೇ ಕಿತ್ತು ಹಾಕುತ್ತಾರೆ. ಅದರ ಐಕಾನ್ ಒತ್ತಿದರೆ ತೆರೆಯುವ ಪ್ಯಾನೆಲ್ ಓದಲು ಬರುವವರ ಬ್ರೌಸರಿನಲ್ಲಿ ಮಾತ್ರ ಬ್ಲಾಕರ್ ಬಾಳಿಕೆ ಬರುತ್ತದೆ. ಹಾಗಾಗಿ ಇಲ್ಲಿ ಹಾಕುವುದಕ್ಕಿಂತ ಓದುವುದರ ಬಗ್ಗೆಯೇ ಮಾತು ಜಾಸ್ತಿ.

ಆ ಪಟ್ಟಿಯಲ್ಲಿರುವ ಹೊರಗಿನ ಹೆಸರುಗಳೆಲ್ಲ ಕಳ್ಳರಲ್ಲ. ಕೆಲವು ಚಿತ್ರ ತರುತ್ತವೆ, ಕೆಲವು ಫಾಂಟ್, ಕೆಲವು ವಿಡಿಯೊ. ಉಳಿದವು ನಿಮ್ಮನ್ನು ಎಣಿಸಲು, ಗುರುತಿಟ್ಟುಕೊಳ್ಳಲು ಬಂದವು, ಅವೇ ಟ್ರ್ಯಾಕರ್‌ಗಳು. ಕುಕಿ, ಅಂದರೆ ಸೈಟು ನಿಮ್ಮ ಬ್ರೌಸರಿನಲ್ಲಿ ಇಡುವ ಚಿಕ್ಕ ಗುರುತು, ಹುಟ್ಟಿದ್ದು 1994ರಲ್ಲಿ, ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಕೈಯಲ್ಲಿ. ಒಂದು ಪುಟದಿಂದ ಇನ್ನೊಂದಕ್ಕೆ ಹೋದಾಗ ಸೈಟಿಗೆ ನಿಮ್ಮ ನೆನಪಿರಲಿ ಅನ್ನುವುದಷ್ಟೇ ಅದರ ಉದ್ದೇಶವಾಗಿತ್ತು. ಆದರೆ ಒಂದೇ ಜಾಹೀರಾತು ಕಂಪನಿಯ ತುಣುಕು ಹತ್ತಾರು ಸೈಟುಗಳಲ್ಲಿ ಕೂತರೆ, ಆ ಹತ್ತಾರು ಕಡೆಯೂ ಅದೇ ಕುಕಿ ಅದೇ ಕಂಪನಿಗೆ ಹೋಗುತ್ತದೆ. ಬೆಳಿಗ್ಗೆ ಥೈರಾಯ್ಡ್ ಬಗ್ಗೆ ಓದಿದವರೂ ಮಧ್ಯಾಹ್ನ ಶೂ ನೋಡಿದವರೂ ಒಬ್ಬರೇ ಅಂತ ಅದಕ್ಕೆ ತಿಳಿಯುತ್ತದೆ. ಇದೇ ಥರ್ಡ್ ಪಾರ್ಟಿ, ಅಂದರೆ ಹೊರಗಿನವರ, ಕುಕಿ. ಲೈಕ್ ಬಟನ್ ಕೂಡ ಹೀಗೇ. ಅದನ್ನು ನೀವು ಒತ್ತಬೇಕೆಂದೇನಿಲ್ಲ, ಪುಟದಲ್ಲಿ ಅದು ಲೋಡ್ ಆದರೆ ಸಾಕು. ಕಣ್ಣಿಗೆ ಕಾಣದ ಒಂದು ಪಿಕ್ಸೆಲ್ ಚಿತ್ರವೂ ಇದೇ ಕೆಲಸ ಮಾಡುತ್ತದೆ.

ಬ್ರೌಸರಿನಲ್ಲೇ ಇರುವುದನ್ನು ಮೊದಲು ಬಳಸಿ

ಫೈರ್‌ಫಾಕ್ಸ್ 2019ರಿಂದ ಗೊತ್ತಿರುವ ಟ್ರ್ಯಾಕರ್‌ಗಳ ಕುಕಿಗಳನ್ನು ತಾನಾಗಿಯೇ ತಡೆಯುತ್ತದೆ. 2022ರಿಂದ ಪ್ರತಿ ಸೈಟಿನ ಕುಕಿಗಳನ್ನೂ ಬೇರೆಬೇರೆ ಇಡುತ್ತದೆ. ಹಾಗಾಗಿ ಒಂದು ಸೈಟಿನಲ್ಲಿ ಇಟ್ಟ ಕುಕಿ ಇನ್ನೊಂದರಲ್ಲಿ ಸಿಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿಗೆ ಹೋಗಿ, ಸ್ಟ್ಯಾಂಡರ್ಡ್ ಇರುವುದನ್ನು ಸ್ಟ್ರಿಕ್ಟ್ ಮಾಡಿ. ಸಫಾರಿಯವರಿಗೆ ಈ ತಲೆಬಿಸಿಯೇ ಇಲ್ಲ. 2020ರಿಂದ ಅದು ಥರ್ಡ್ ಪಾರ್ಟಿ ಕುಕಿಗಳನ್ನು ಪೂರ್ತಿ ತಡೆಯುತ್ತಿದೆ.

ಕ್ರೋಮ್ ಕಥೆಯೇ ಬೇರೆ. ಎರಡು ವರ್ಷದಲ್ಲಿ ಇವನ್ನು ತೆಗೆಯುತ್ತೇವೆ ಅಂತ ಗೂಗಲ್ 2020ರ ಜನವರಿಯಲ್ಲಿ ಹೇಳಿತು. ಮುಂದೂಡಿತು, ಮತ್ತೆ ಮುಂದೂಡಿತು. 2024ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ನೀವು ಅದಕ್ಕೆ ಕಾಯಬೇಕಿಲ್ಲ. ಕ್ರೋಮ್ ಸೆಟ್ಟಿಂಗ್ಸ್‌ನ ಪ್ರೈವಸಿ ಭಾಗದಲ್ಲಿ ಥರ್ಡ್ ಪಾರ್ಟಿ ಕುಕೀಸ್ ಅಂತ ಇದೆ, ಅಲ್ಲೇ ಬ್ಲಾಕ್ ಮಾಡಿ. ಅರ್ಧ ನಿಮಿಷದ ಕೆಲಸ.

ಇಷ್ಟು ಮಾಡಿದ ಮೇಲೂ ಕೋರಿಕೆಗಳು ಹೋಗುತ್ತಲೇ ಇರುತ್ತವೆ. ಕುಕಿ ಇಲ್ಲದಿದ್ದರೂ ನಿಮ್ಮ ಐಪಿ ವಿಳಾಸ, ನೀವು ನೋಡುತ್ತಿರುವ ಸೈಟು, ನಿಮ್ಮ ಬ್ರೌಸರ್ ಯಾವುದು ಅನ್ನುವುದು ಆ ಕಡೆಗೆ ತಲುಪುತ್ತದೆ. ಕೋರಿಕೆಯೇ ಹೊರಡದಂತೆ ಮಾಡಲು ಬ್ಲಾಕರ್ ಬೇಕು.

ಯಾವುದು ಹಾಕಬೇಕು

ಯುಬ್ಲಾಕ್ ಆರಿಜಿನ್. ನನ್ನ ಉತ್ತರ ಇಷ್ಟೇ. ರೇಮಂಡ್ ಹಿಲ್ ಅನ್ನುವವರು 2014ರಿಂದ ನಡೆಸಿಕೊಂಡು ಬಂದಿದ್ದಾರೆ. ಕೋಡ್ ಎಲ್ಲರಿಗೂ ತೆರೆದಿದೆ. ದೇಣಿಗೆಯನ್ನೂ ಅವರು ತೆಗೆದುಕೊಳ್ಳುವುದಿಲ್ಲ. ಹೆಸರಿನ ಕೊನೆಯಲ್ಲಿ ಆರಿಜಿನ್ ಇದೆಯಾ ಅಂತ ಎರಡು ಸಲ ನೋಡಿ. ಬರೀ ಯುಬ್ಲಾಕ್ ಅನ್ನುವುದು ಬೇರೆಯೇ ಆಡ್‌ಆನ್, ಬೇರೆಯೇ ಮಾಲೀಕರು. ಹುಡುಕಾಟದಲ್ಲಿ ಮೇಲೆ ಬಂದದ್ದನ್ನು ಒತ್ತಬೇಡಿ. ಫೈರ್‌ಫಾಕ್ಸ್‌ನ ಆಡ್‌ಆನ್ ಪುಟಕ್ಕೇ ಹೋಗಿ ಅಲ್ಲಿ ಹುಡುಕಿ.

ಈ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಕಾರಣ ಇದೆ. ಬ್ಲಾಕರ್ ಹಾಕುವಾಗ ಬ್ರೌಸರ್ ಒಂದು ಒಪ್ಪಿಗೆ ಕೇಳುತ್ತದೆ: ಎಲ್ಲ ಸೈಟುಗಳಲ್ಲೂ ನಿಮ್ಮ ಡೇಟಾ ಓದಬಹುದೇ, ಬದಲಿಸಬಹುದೇ ಅಂತ. ಕೋರಿಕೆ ತಡೆಯಬೇಕಾದರೆ ಅದನ್ನು ನೋಡಲೇಬೇಕಲ್ವಾ? ಹಾಗಾಗಿ ಒಪ್ಪಿಗೆ ಬೇಕೇ ಬೇಕು. ಆದರೆ ಅದೇ ಒಪ್ಪಿಗೆಯಿಂದ ನಿಮ್ಮ ಇಡೀ ಓಡಾಟವನ್ನು ಮಾರಲೂಬಹುದು. ವೆಬ್ ಆಫ್ ಟ್ರಸ್ಟ್ ಅನ್ನುವ ಆಡ್‌ಆನ್ ಇತ್ತು. ಯಾವ ಸೈಟ್ ನಂಬಬಹುದು ಅಂತ ಹೇಳುವುದೇ ಅದರ ಕೆಲಸ. ಅದು ಬಳಸುವವರ ಬ್ರೌಸಿಂಗ್ ವಿವರ ಕಲೆಹಾಕಿ ಬೇರೆಯವರಿಗೆ ಕೊಡುತ್ತಿದೆ ಅಂತ 2016ರಲ್ಲಿ ಜರ್ಮನಿಯ ಎನ್‌ಡಿಆರ್ ವಾಹಿನಿ ಬಯಲು ಮಾಡಿತು. ಆಮೇಲೆ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ ಅದನ್ನು ತನ್ನ ಆಡ್‌ಆನ್ ಪುಟದಿಂದ ತೆಗೆಯಿತು. ಟ್ರ್ಯಾಕರ್ ತಡೆಯಲು ಹೋಗಿ ಅದಕ್ಕಿಂತ ದೊಡ್ಡ ಟ್ರ್ಯಾಕರನ್ನು ಮನೆಯೊಳಗೇ ಕೂರಿಸಿಕೊಳ್ಳುವುದು ಬೇಡ.

ನಮ್ಮ ಭಾವನ ಬ್ರೌಸರಿನಲ್ಲಿ ಮೂರು ಬ್ಲಾಕರ್ ಒಟ್ಟಿಗೆ ಇದ್ದವು. ಒಂದು ತಪ್ಪಿಸಿದ್ದನ್ನು ಇನ್ನೊಂದು ಹಿಡಿಯಲಿ ಅಂತ ಅವರ ಲೆಕ್ಕ. ಹಾಗಾಗುವುದಿಲ್ಲ. ಒಂದು ತಡೆದದ್ದನ್ನು ಇನ್ನೊಂದು ಬಿಡಲು ನೋಡುತ್ತದೆ. ಪುಟ ಕೆಟ್ಟಾಗ ಯಾವುದರಿಂದ ಕೆಟ್ಟಿತು ಅಂತ ಹುಡುಕುವುದೇ ದೊಡ್ಡ ಗೋಳು. ಒಂದನ್ನೇ ಇಟ್ಟುಕೊಳ್ಳಿ.

ಪ್ರೈವಸಿ ಬ್ಯಾಜರ್ ಅನ್ನುವ ಇನ್ನೊಂದು ಬ್ಲಾಕರ್ ಬಗ್ಗೆ ಕೇಳುವವರಿದ್ದಾರೆ. ಅದನ್ನು ಮಾಡಿದ್ದು ಡಿಜಿಟಲ್ ಹಕ್ಕುಗಳಿಗಾಗಿ ಕೆಲಸ ಮಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್, 2014ರಲ್ಲಿ. ಮೂರು ಬೇರೆ ಸೈಟುಗಳಲ್ಲಿ ನಿಮ್ಮನ್ನು ಹಿಂಬಾಲಿಸಿದ ಡೊಮೇನ್ ಕಂಡರೆ ಅದನ್ನು ತಾನಾಗಿಯೇ ತಡೆಯುತ್ತಿತ್ತು. ಒಳ್ಳೆಯ ಉಪಾಯ. ಆದರೆ ಪ್ರತಿ ಬ್ರೌಸರೂ ಬೇರೆಬೇರೆ ಕಲಿತರೆ ಆ ಕಲಿಕೆಯೇ ಗುರುತಾಗಿಬಿಡಬಹುದು ಅಂತ ಗೂಗಲ್‌ನ ಭದ್ರತಾ ತಂಡ ತೋರಿಸಿಕೊಟ್ಟಿತು. ಹಾಗಾಗಿ 2020ರಲ್ಲಿ ಆ ಕಲಿಕೆಯನ್ನು ನಿಲ್ಲಿಸಿ, ಮೊದಲೇ ತಯಾರಾದ ಒಂದೇ ಪಟ್ಟಿಯನ್ನು ಎಲ್ಲರಿಗೂ ಕೊಡಲು ಶುರುಮಾಡಿದರು. ಏನನ್ನೂ ಮುಟ್ಟಲು ಇಷ್ಟವಿಲ್ಲದವರಿಗೆ ಅದು ಚೆನ್ನಾಗಿದೆ. 2009ರ ಘೋಸ್ಟರಿಯೂ ಇದೆ. ಪುಟದಲ್ಲಿ ಯಾವ ಕಂಪನಿಯ ಟ್ರ್ಯಾಕರ್ ಇದೆ ಅಂತ ಹೆಸರು ಹಿಡಿದು ತೋರಿಸುವುದರಲ್ಲಿ ಅದು ಗಟ್ಟಿ. ಆದರೆ ಮುಂದೆ ಹೇಳುವ ಕೆಲಸಗಳಿಗೆ ಯುಬ್ಲಾಕ್ ಆರಿಜಿನ್ನೇ ಬೇಕು.

ಒಂದು ಅಡ್ಡಿ: ಕ್ರೋಮ್‌ನಲ್ಲಿ ಈಗ ಅದು ಓಡುವುದಿಲ್ಲ. ಮ್ಯಾನಿಫೆಸ್ಟ್ ವಿ3 ಅನ್ನುವ ಹೊಸ ನಿಯಮ ತಂದ ಗೂಗಲ್, ಹಳೆಯ ಬಗೆಯ ಆಡ್‌ಆನ್‌ಗಳನ್ನು 2024ರಿಂದ ಒಂದೊಂದಾಗಿ ನಿಲ್ಲಿಸುತ್ತಾ ಬಂತು. ಪ್ರತಿ ಕೋರಿಕೆಯನ್ನೂ ಆಡ್‌ಆನ್ ತಾನೇ ನೋಡಿ ತೀರ್ಮಾನಿಸುವ ಅವಕಾಶ ಹೋಯಿತು. ನಿಯಮಗಳನ್ನು ಮೊದಲೇ ಬ್ರೌಸರಿನ ಕೈಗೆ ಕೊಡಬೇಕು, ತಡೆಯುವುದು ಬ್ರೌಸರ್. ಹೀಗಾಗಿ ಕ್ರೋಮ್‌ಗೆ ರೇಮಂಡ್ ಹಿಲ್ ಅವರೇ ಯುಬ್ಲಾಕ್ ಆರಿಜಿನ್ ಲೈಟ್ ಮಾಡಿದ್ದಾರೆ. ಅದನ್ನು ಹಾಕಿದರೆ ಮೋಡ್ ಅನ್ನು ಬೇಸಿಕ್‌ನಲ್ಲಿ ಬಿಡಬೇಡಿ, ಆಪ್ಟಿಮಲ್‌ಗೆ ಏರಿಸಿ. ಸಾಧಾರಣ ಓದಿಗೆ ಸಾಕು. ಆದರೆ ಕೆಳಗೆ ಹೇಳುವ ಕೆಂಪು-ಬೂದಿ ಆಟ ಅದರಲ್ಲಿಲ್ಲ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಫೈರ್‌ಫಾಕ್ಸ್ ಹಾಕಿಕೊಳ್ಳಿ.

ಪಟ್ಟಿಗಳು

ಆಡ್‌ಆನ್ ಹಾಕಿದ ಕೂಡಲೇ ಕೆಲಸ ಶುರು. ಬಹಳ ಜನಕ್ಕೆ ಇಷ್ಟೇ ಸಾಕು. ಅದು ನೋಡುವುದು ಯಾವುದನ್ನು ತಡೆಯಬೇಕು ಅಂತ ಹೇಳುವ ಕೆಲವು ಪಟ್ಟಿಗಳನ್ನು. ಜಾಹೀರಾತಿಗೆ ಈಸಿಲಿಸ್ಟ್, ಟ್ರ್ಯಾಕರ್‌ಗಳಿಗೆ ಈಸಿಪ್ರೈವಸಿ, ಜೊತೆಗೆ ಯುಬ್ಲಾಕ್‌ನದ್ದೇ ಕೆಲವು. ಐಕಾನ್ ಒತ್ತಿ, ಕೆಳಗಿರುವ ಹಲ್ಲಿನ ಚಕ್ರದ ಗುರುತು ಒತ್ತಿದರೆ ಡ್ಯಾಶ್‌ಬೋರ್ಡ್ ತೆರೆಯುತ್ತದೆ. ಅಲ್ಲಿ ಫಿಲ್ಟರ್ ಲಿಸ್ಟ್ಸ್.

ಇಲ್ಲಿ ನಾನು ಸೇರಿಸುವುದು ಎರಡೇ. ಪ್ರೈವಸಿ ಗುಂಪಿನಲ್ಲಿ ಯುಆರ್‌ಎಲ್ ಟ್ರ್ಯಾಕಿಂಗ್ ಪ್ರೊಟೆಕ್ಷನ್ ಅನ್ನುವ ಆಡ್‌ಗಾರ್ಡ್ ಪಟ್ಟಿ. ಯಾರೋ ಕಳಿಸಿದ ಲಿಂಕಿನ ಬಾಲದಲ್ಲಿ ಪ್ರಶ್ನೆ ಚಿಹ್ನೆ ಆದಮೇಲೆ ಎಫ್‌ಬಿಸಿಎಲ್‌ಐಡಿ, ಜಿಸಿಎಲ್‌ಐಡಿ, ಯುಟಿಎಂ ಅಂತೆಲ್ಲ ಉದ್ದಕ್ಕೆ ಇರುತ್ತದಲ್ಲ, ಅಂಥ ಬಾಲವನ್ನು ಇದು ಕತ್ತರಿಸುತ್ತದೆ. ಎರಡನೆಯದು ಕುಕೀ ನೋಟಿಸಸ್ ಗುಂಪಿನ ಪಟ್ಟಿ. "ಕುಕಿ ಒಪ್ಪುತ್ತೀರಾ" ಅನ್ನುವ ಕಿರಿಕಿರಿಯನ್ನು ಮರೆಮಾಡುತ್ತದೆ. ಗುರುತು ಹಾಕಿ, ಅಪ್ಲೈ ಚೇಂಜಸ್ ಒತ್ತುವುದು ಮರೆಯಬೇಡಿ. ಸಿಕ್ಕಿದ್ದಕ್ಕೆಲ್ಲ ಗುರುತು ಹಾಕುವ ಆಸೆ ಬರುತ್ತದೆ. ಬೇಡ. ಪಟ್ಟಿ ಜಾಸ್ತಿಯಾದಷ್ಟೂ ಪುಟ ಕೆಡುವುದು ಜಾಸ್ತಿ.

ಪ್ಯಾನೆಲ್ ಓದುವುದು

ಈಗ ಅದೇ ಸುದ್ದಿ ಸೈಟಿಗೆ ಮತ್ತೆ ಹೋಗಿ ಐಕಾನ್ ಒತ್ತಿ. ಮಧ್ಯೆ ದೊಡ್ಡ ಪವರ್ ಗುಂಡಿ. ಅದು ಆ ಸೈಟಿಗೆ ಮಾತ್ರ ಬ್ಲಾಕರ್ ನಿಲ್ಲಿಸಲು. ಅದರ ಕೆಳಗೆ ಈ ಪುಟದಲ್ಲಿ ಎಷ್ಟು ತಡೆದೆ ಅನ್ನುವ ಸಂಖ್ಯೆ. ಜನ ಇದನ್ನು ನೋಡಿ ಖುಷಿಪಡುತ್ತಾರೆ, ನನಗೆ ಅದರಲ್ಲಿ ಅಂಥ ಆಸಕ್ತಿ ಇಲ್ಲ. ಒಂದೇ ಹಟಮಾರಿ ಸ್ಕ್ರಿಪ್ಟ್ (ಪುಟದೊಳಗೆ ಓಡುವ ಕೋಡ್) ಬಿಡದೆ ಪ್ರಯತ್ನ ಮಾಡುತ್ತಿದ್ದರೂ ಸಂಖ್ಯೆ ಏರುತ್ತಲೇ ಹೋಗುತ್ತದೆ. ಅದರ ಕೆಳಗಿನ ಸಾಲು ನೋಡಿ: ಎಷ್ಟು ಡೊಮೇನ್‌ಗಳಲ್ಲಿ ಎಷ್ಟಕ್ಕೆ ಸಂಪರ್ಕ ಆಗಿದೆ ಅಂತ ಇದೆ. ಕೆಲಸದ ಮಾಹಿತಿ ಅದು. ಇನ್ನೂ ಎಷ್ಟು ಜನ ಒಳಗೆ ಬಂದಿದ್ದಾರೆ ಅನ್ನುವುದು ಅಲ್ಲಿ ಕಾಣುತ್ತದೆ. ಮೋರ್ ಒತ್ತುತ್ತಾ ಹೋದರೆ ಆ ಡೊಮೇನ್‌ಗಳ ಹೆಸರುಗಳೇ ಸಾಲಾಗಿ ತೆರೆದುಕೊಳ್ಳುತ್ತವೆ.

ಈ ಹೆಸರುಗಳನ್ನು ಒಂದು ವಾರ ಸುಮ್ನೆ ನೋಡುತ್ತಾ ಇರಿ. ಯಾವುದು ಎಲ್ಲೆಲ್ಲೂ ಬರುತ್ತದೆ ಅಂತ ತಾನಾಗಿ ತಿಳಿಯುತ್ತದೆ. ಹೆಸರಿನಲ್ಲಿ ಸಿಡಿಎನ್ (ಪುಟದ ಚಿತ್ರ, ಕೋಡ್ ಹಂಚುವ ಸರ್ವರ್‌ಗಳ ಜಾಲ), ಸ್ಟ್ಯಾಟಿಕ್, ಇಮೇಜ್ ಇದ್ದರೆ ಅದು ಬಹುಮಟ್ಟಿಗೆ ಪುಟದ ಸಾಮಾನು. ಆಡ್, ಪಿಕ್ಸೆಲ್, ಅನಲಿಟಿಕ್ಸ್, ಮೆಟ್ರಿಕ್ಸ್, ಟ್ಯಾಗ್ ಇದ್ದರೆ ಬಹುಮಟ್ಟಿಗೆ ಹಿಂಬಾಲಿಸುವವರು. ಇದು ನಿಯಮವಲ್ಲ, ಅಂದಾಜು. ಆದರೆ ಕೆಲಸಕ್ಕೆ ಬರುವ ಅಂದಾಜು.

ಪುಟ ಕೆಟ್ಟಿತು ಅಂದುಕೊಳ್ಳಿ. ಹಣ ಕಟ್ಟುವ ಗುಂಡಿ ಕೆಲಸ ಮಾಡುತ್ತಿಲ್ಲ, ವಿಡಿಯೊ ಬರೀ ಕಪ್ಪು. ಪವರ್ ಗುಂಡಿ ಒತ್ತಿ, ಪುಟ ರಿಫ್ರೆಶ್ ಮಾಡಿ. ಸರಿಹೋಯಿತಾ? ಹಾಗಾದರೆ ಕಾರಣ ಬ್ಲಾಕರ್. ಸರಿಹೋಗಲಿಲ್ಲವಾ? ಆಗ ದೋಷ ಬೇರೆಲ್ಲೋ ಇದೆ, ಬ್ಲಾಕರನ್ನು ಬೈಯಬೇಡಿ. ಪಾವತಿ ಪುಟದಲ್ಲಿ ನಾನು ಹೆಚ್ಚು ಯೋಚಿಸುವುದಿಲ್ಲ. ಆ ಸೈಟಿಗೆ ನಿಲ್ಲಿಸಿ, ಕೆಲಸ ಮುಗಿಸಿ, ಮತ್ತೆ ಹಚ್ಚುತ್ತೇನೆ.

ಅದೇ ದಿನಾ ಬಳಸುವ ಸೈಟ್ ಆದರೆ ಲಾಗರ್ ತೆರೆಯಿರಿ. ಪ್ಯಾನೆಲ್ ಕೆಳಗೆ ಪಟ್ಟಿಯಂಥ ಗುರುತು ಇದೆ, ಅದೇ. ಲಾಗರ್ ತೆರೆದಿಟ್ಟು ಪುಟ ರಿಫ್ರೆಶ್ ಮಾಡಿದರೆ ಯಾವ ಕೋರಿಕೆಯನ್ನು ಯಾವ ಪಟ್ಟಿಯ ಯಾವ ಸಾಲು ತಡೆಯಿತು ಅಂತ ಪೂರ್ತಿ ಕಾಣುತ್ತದೆ. ತಡೆದವು ಕೆಂಪು. ಆ ಕೆಂಪಿನಲ್ಲಿ ಪುಟಕ್ಕೆ ಬೇಕಾದದ್ದು ಯಾವುದಿರಬಹುದು ಅಂತ ಹುಡುಕಿದರೆ ಸಾಮಾನ್ಯವಾಗಿ ಒಂದೋ ಎರಡೋ ಸಿಗುತ್ತವೆ.

ಒಂದು ಹೆಜ್ಜೆ ಮುಂದೆ: ಮೀಡಿಯಂ ಮೋಡ್

ಇದು ಎಲ್ಲರಿಗೂ ಅಲ್ಲ. ಚಿಕ್ಕಮ್ಮನ ಕಂಪ್ಯೂಟರಿನಲ್ಲಿ ನಾನು ಇದನ್ನು ಹಾಕುವುದಿಲ್ಲ. ನನ್ನದರಲ್ಲಿ ಮಾತ್ರ ಇದಿಲ್ಲದೆ ಆಗುವುದಿಲ್ಲ.

ಪಟ್ಟಿಗಳಿಗೆ ಒಂದು ಮಿತಿ ಇದೆ. ಯಾರೋ ನೋಡಿ, ಟ್ರ್ಯಾಕರ್ ಅಂತ ಗುರುತಿಸಿ, ಪಟ್ಟಿಗೆ ಸೇರಿಸಿದ ಮೇಲಷ್ಟೇ ತಡೆ. ನಿನ್ನೆ ಹುಟ್ಟಿದ ಡೊಮೇನ್ ಪಟ್ಟಿಯಲ್ಲಿ ಇರುವುದಿಲ್ಲ. ಮೀಡಿಯಂ ಮೋಡ್ ಇದನ್ನು ತಿರುವಿ ಹಾಕುತ್ತದೆ. ಹೊರಗಿನವರ ಸ್ಕ್ರಿಪ್ಟ್ ಯಾವುದೂ ಬೇಡ, ನಾನು ಒಪ್ಪಿದ್ದು ಮಾತ್ರ ಬರಲಿ ಅನ್ನುತ್ತದೆ.

ಡ್ಯಾಶ್‌ಬೋರ್ಡ್‌ನ ಸೆಟ್ಟಿಂಗ್ಸ್‌ನಲ್ಲಿ "ನಾನು ಅಡ್ವಾನ್ಸ್ಡ್ ಯೂಸರ್" ಅನ್ನುವುದಕ್ಕೆ ಗುರುತು ಹಾಕಿ. ಈಗ ಪ್ಯಾನೆಲ್ ತೆರೆದರೆ ಹೆಸರುಗಳ ಪಕ್ಕ ಎರಡು ಕಾಲಂ ಬಂದಿರುತ್ತವೆ. ಮೊದಲನೆಯದು ಎಲ್ಲ ಸೈಟುಗಳಿಗೂ, ಎರಡನೆಯದು ಈಗ ತೆರೆದಿರುವ ಸೈಟಿಗೆ ಮಾತ್ರ. ಥರ್ಡ್ ಪಾರ್ಟಿ ಸ್ಕ್ರಿಪ್ಟ್ಸ್, ಥರ್ಡ್ ಪಾರ್ಟಿ ಫ್ರೇಮ್ಸ್ ಅನ್ನುವ ಎರಡು ಸಾಲುಗಳಿವೆ. ಮೊದಲ ಕಾಲಂನಲ್ಲಿ ಆ ಎರಡನ್ನೂ ಕೆಂಪು ಮಾಡಿ. ಮೇಲೆ ಒಂದು ಬೀಗದ ಗುರುತು ಕಾಣಿಸಿಕೊಳ್ಳುತ್ತದೆ. ಅದನ್ನು ಒತ್ತದಿದ್ದರೆ ಬದಲಾವಣೆ ಉಳಿಯುವುದಿಲ್ಲ.

ಮೊದಲ ದಿನ ಅರ್ಧ ಇಂಟರ್ನೆಟ್ ಕೆಟ್ಟಂತೆ ಕಾಣುತ್ತದೆ. ಗಾಬರಿ ಬೇಡ. ಕೆಟ್ಟ ಸೈಟಿನಲ್ಲಿ ಪ್ಯಾನೆಲ್ ತೆರೆದು, ಸೈಟಿನ ಹೆಸರಿಗೇ ಹತ್ತಿರವಿರುವ ಡೊಮೇನ್ ಅಥವಾ ಸಿಡಿಎನ್ ಹುಡುಕಿ. ಎರಡನೇ ಕಾಲಂನಲ್ಲಿ ಅದನ್ನು ಬೂದಿ ಬಣ್ಣ ಮಾಡಿ, ರಿಫ್ರೆಶ್ ಮಾಡಿ. ಬೂದಿ ಅಂದರೆ ಕೆಂಪು ನಿಯಮ ಇದಕ್ಕೆ ಬೇಡ, ಪಟ್ಟಿಗಳ ತಡೆ ಮಾತ್ರ ಇರಲಿ ಅಂತ. ಹಸಿರು ಅಂದರೆ ಪಟ್ಟಿಗಳೂ ಬೇಡ, ಪೂರ್ತಿ ಬಿಡು ಅಂತ. ಹಸಿರಿನ ತಂಟೆಗೆ ಹೋಗಬೇಡಿ, ಬೂದಿಯಲ್ಲೇ ಕೆಲಸ ಆಗುತ್ತದೆ. ಪುಟ ಸರಿಹೋದ ಮೇಲೆ ಬೀಗ ಒತ್ತಿ. ತಪ್ಪಾದರೆ ಪಕ್ಕದಲ್ಲೇ ಅಳಿಸುವ ರಬ್ಬರ್ ಇದೆ. ನೀವು ಹೋಗುವ ಸೈಟುಗಳು ಹೆಚ್ಚುಕಮ್ಮಿ ಅವೇ ತಾನೇ? ಕೆಲವು ದಿನಗಳಲ್ಲಿ ಅವೆಲ್ಲ ಸರಿಯಾಗಿ, ಆಮೇಲೆ ಪ್ಯಾನೆಲ್ ಮುಟ್ಟುವುದೇ ಅಪರೂಪವಾಗುತ್ತದೆ. ಪುಟಗಳು ಬೇಗ ತೆರೆಯುವುದು ಇದರ ಜೊತೆಗೆ ಸಿಗುವ ಲಾಭ.

ಹೆಸರು ಬದಲಿಸಿ ಬರುವವರು

ಪಟ್ಟಿಯಿಂದ ತಪ್ಪಿಸಿಕೊಳ್ಳಲು ಟ್ರ್ಯಾಕರ್ ಕಂಪನಿಗಳು ಒಂದು ಉಪಾಯ ಮಾಡಿವೆ. ಸೈಟಿನವರು ತಮ್ಮದೇ ಹೆಸರಿನ ಕೆಳಗೆ ಒಂದು ಉಪ ಡೊಮೇನ್ ಮಾಡುತ್ತಾರೆ. ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆಯಾದ ಡಿಎನ್‌ಎಸ್‌ನಲ್ಲಿ ಅದನ್ನು ಟ್ರ್ಯಾಕರ್ ಕಂಪನಿಯ ಕಡೆಗೆ ತಿರುಗಿಸುತ್ತಾರೆ. ಬ್ರೌಸರಿಗೆ ಅದು ಮನೆಯವರಂತೆ ಕಾಣುತ್ತದೆ. ಥರ್ಡ್ ಪಾರ್ಟಿ ಕುಕಿ ತಡೆದರೂ ಇದಕ್ಕೆ ತಾಗುವುದಿಲ್ಲ. ಇದಕ್ಕೆ ಸಿ-ನೇಮ್ ಕ್ಲೋಕಿಂಗ್ ಅನ್ನುತ್ತಾರೆ. ಫೈರ್‌ಫಾಕ್ಸ್ ಆಡ್‌ಆನ್‌ಗಳಿಗೆ ಡಿಎನ್‌ಎಸ್ ಕೇಳಿ ನೋಡಲು ಬಿಡುತ್ತದೆ. ಹಾಗಾಗಿ 2020ರಿಂದ ಯುಬ್ಲಾಕ್ ಆರಿಜಿನ್ ಅಲ್ಲಿ ಇಂಥ ಮುಖವಾಡ ಕಳಚಿ ನೋಡುತ್ತದೆ. ಕ್ರೋಮ್ ಹಾಗೆ ಬಿಡುವುದಿಲ್ಲ. ಫೈರ್‌ಫಾಕ್ಸ್ ಹಾಕಿಕೊಳ್ಳಿ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು, ಫಿಂಗರ್‌ಪ್ರಿಂಟಿಂಗ್. ನಿಮ್ಮ ಪರದೆಯ ಅಳತೆ, ಫಾಂಟ್‌ಗಳು, ಸಮಯ ವಲಯ, ಗ್ರಾಫಿಕ್ಸ್ ಒಂದು ಚಿತ್ರವನ್ನು ಹೇಗೆ ಬಿಡಿಸುತ್ತದೆ ಅನ್ನುವುದು, ಇವನ್ನೆಲ್ಲ ಕೂಡಿಸಿ ಗುರುತು ಮಾಡುತ್ತಾರೆ. ಮುಖ ಮುಚ್ಚಿಕೊಂಡವರನ್ನು ನಡಿಗೆ ನೋಡಿ ಗುರುತು ಹಿಡಿದಂತೆ. 2010ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಸುಮಾರು 4.7 ಲಕ್ಷ ಬ್ರೌಸರ್‌ಗಳನ್ನು ಪರೀಕ್ಷಿಸಿತು. ಅದರಲ್ಲಿ 83.6% ಬ್ರೌಸರ್‌ಗಳು ಒಂದರಂತೆ ಇನ್ನೊಂದಿರಲಿಲ್ಲ. ಅದೇ ಪರೀಕ್ಷೆ ಈಗ ಕವರ್ ಯುವರ್ ಟ್ರ್ಯಾಕ್ಸ್ ಅನ್ನುವ ಹೆಸರಿನಲ್ಲಿದೆ, ಬ್ಲಾಕರ್ ಹಾಕುವ ಮೊದಲೊಮ್ಮೆ, ಆಮೇಲೊಮ್ಮೆ ಮಾಡಿ ನೋಡಿ. ಇದಕ್ಕೆ ಪೂರ್ತಿ ಮದ್ದು ಆಡ್‌ಆನ್‌ಗಳಲ್ಲಿಲ್ಲ. ಬ್ಲಾಕರ್ ಮಾಡುವುದು ಗುರುತು ಮಾಡುವ ಸ್ಕ್ರಿಪ್ಟೇ ಬಾರದಂತೆ ತಡೆಯುವುದು, ಅಷ್ಟೇ. ಚಿತ್ರವಿಚಿತ್ರ ಆಡ್‌ಆನ್‌ಗಳನ್ನು ಪೇರಿಸಿಕೊಂಡರೆ ನೀವು ಇನ್ನಷ್ಟು ಎದ್ದು ಕಾಣುವ ಸಾಧ್ಯತೆ ಇದೆ. ಫೈರ್‌ಫಾಕ್ಸ್‌ನಲ್ಲಿ ರೆಸಿಸ್ಟ್ ಫಿಂಗರ್‌ಪ್ರಿಂಟಿಂಗ್ ಅನ್ನುವ ಒಳಗಿನ ಸೆಟ್ಟಿಂಗ್ ಇದೆ. ಅದು ಸಮಯ ವಲಯವನ್ನೇ ಸುಳ್ಳು ಹೇಳುತ್ತದೆ, ಕ್ಯಾಲೆಂಡರ್ ಎಡವಟ್ಟಾಗುತ್ತದೆ. ನಾನು ಅದನ್ನು ಹಚ್ಚಿಲ್ಲ.

"ನನ್ನನ್ನು ಹಿಂಬಾಲಿಸಬೇಡಿ" ಅಂತ ಸೈಟುಗಳಿಗೆ ಹೇಳುವ ಡು ನಾಟ್ ಟ್ರ್ಯಾಕ್ ಆಯ್ಕೆ ಹಳೆಯ ಬರಹಗಳಲ್ಲಿ ಸಿಗುತ್ತದೆ. ಅದನ್ನು ಹೆಚ್ಚಿನ ಸೈಟುಗಳು ಕಿವಿಗೆ ಹಾಕಿಕೊಳ್ಳಲಿಲ್ಲ. ಫೈರ್‌ಫಾಕ್ಸ್ 2025ರಲ್ಲಿ ತೆಗೆದೇಬಿಟ್ಟಿತು. ಹುಡುಕುತ್ತಾ ಕೂರಬೇಡಿ.

ಬ್ಲಾಕರ್ ಮುಟ್ಟದ ಜಾಗಗಳು

ಲಾಗಿನ್ ಆಗಿ ಬಳಸುವ ಸೈಟು ನೀವು ಅಲ್ಲೇ ಏನು ಮಾಡುತ್ತೀರಿ ಅಂತ ನೋಡುವುದನ್ನು ಬ್ಲಾಕರ್ ತಡೆಯುವುದಿಲ್ಲ. ನಿಮ್ಮ ಐಪಿ ವಿಳಾಸವನ್ನು ಮರೆಮಾಡುವುದಿಲ್ಲ. ಇಂಟರ್ನೆಟ್ ಕೊಡುವ ಕಂಪನಿಗೆ ನೀವು ಯಾವ ಸೈಟಿಗೆ ಹೋದಿರಿ ಅನ್ನುವುದು ಕಾಣುತ್ತಲೇ ಇರುತ್ತದೆ. ಸಾಮಾಜಿಕ ಜಾಲತಾಣವೊಂದನ್ನು ಬಿಡಲೂ ಆಗದು, ಅದರ ಕಣ್ಣು ಉಳಿದೆಡೆ ಬೀಳುವುದೂ ಬೇಡ ಅನ್ನುವವರಿಗೆ ಫೈರ್‌ಫಾಕ್ಸ್‌ನ ಮಲ್ಟಿ-ಅಕೌಂಟ್ ಕಂಟೇನರ್ಸ್ ಇದೆ. ಮೊಜಿಲ್ಲಾದವರದ್ದೇ ಆಡ್‌ಆನ್. ಆ ಸೈಟನ್ನು ಬೇರೆ ಬಣ್ಣದ ಟ್ಯಾಬಿನಲ್ಲಿ, ಬೇರೆ ಕುಕಿಗಳ ಜೊತೆ ಇಡುತ್ತದೆ. ಇದು ಬ್ಲಾಕರ್ ಅಲ್ಲವಾದ್ದರಿಂದ ಯುಬ್ಲಾಕ್ ಆರಿಜಿನ್ ಜೊತೆಗೆ ಇರಬಹುದು.

ಮೇಲ್ ಆಪ್‌ಗಳಲ್ಲಿ ಆಡ್‌ಆನ್ ಕೈ ನಡೆಯುವುದಿಲ್ಲ. ಅಲ್ಲಿ ಹೊರಗಿನ ಚಿತ್ರಗಳು ತಾನಾಗಿ ಲೋಡ್ ಆಗದಂತೆ ಸೆಟ್ಟಿಂಗ್ ಬದಲಿಸಿ. ಮೇಲ್ ತೆರೆದದ್ದನ್ನು ಹೇಳುವ ಪಿಕ್ಸೆಲ್ ಅಲ್ಲಿಗೆ ನಿಲ್ಲುತ್ತದೆ.

ಫೋನ್ ವಿಷಯ. ಆಂಡ್ರಾಯ್ಡ್‌ನ ಕ್ರೋಮ್‌ಗೆ ಆಡ್‌ಆನ್ ಹಾಕಲು ಬರುವುದಿಲ್ಲ. ಆಂಡ್ರಾಯ್ಡ್ ಫೈರ್‌ಫಾಕ್ಸ್‌ಗೆ ಬರುತ್ತದೆ, ಯುಬ್ಲಾಕ್ ಆರಿಜಿನ್ ಪೂರ್ತಿಯಾಗಿ ಸಿಗುತ್ತದೆ. ಪರದೆ ಚಿಕ್ಕದು, ಮೀಡಿಯಂ ಮೋಡ್ ಅಲ್ಲಿ ಬೇಡ, ಪಟ್ಟಿಗಳೇ ಸಾಕು. ಐಫೋನಿನ ಫೈರ್‌ಫಾಕ್ಸ್ ಆಡ್‌ಆನ್ ತೆಗೆದುಕೊಳ್ಳುವುದಿಲ್ಲ. ಅಲ್ಲಿ ಸಫಾರಿಗೆ ಯುಬ್ಲಾಕ್ ಆರಿಜಿನ್ ಲೈಟ್ ಹಾಕಿಕೊಳ್ಳಿ, 2025ರಿಂದ ಆಪ್ ಸ್ಟೋರ್‌ನಲ್ಲಿದೆ. ಬೇರೆ ಆಪ್‌ಗಳ ಒಳಗಿನ ಟ್ರ್ಯಾಕರ್‌ಗಳಿಗೆ ಬ್ರೌಸರ್ ಆಡ್‌ಆನ್ ಏನೂ ಮಾಡಲಾರದು. ಆಂಡ್ರಾಯ್ಡ್ 9 ಮತ್ತು ಆಮೇಲಿನ ಫೋನುಗಳ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಅಂತ ಇದೆ. ಆಡ್‌ಗಾರ್ಡ್ ಡಿಎನ್‌ಎಸ್‌ನಂಥ ಸೇವೆಯ ಹೋಸ್ಟ್ ಹೆಸರನ್ನು ಅವರ ಪುಟದಿಂದಲೇ ನಕಲು ಮಾಡಿ ಅಲ್ಲಿ ಹಾಕಿದರೆ, ಗೊತ್ತಿರುವ ಎಷ್ಟೋ ಟ್ರ್ಯಾಕರ್ ಡೊಮೇನ್‌ಗಳು ಆಪ್‌ಗಳಿಗೂ ಸಿಗುವುದಿಲ್ಲ. ಯಾವುದಾದರೂ ಆಪ್ ಮೊಂಡು ಹಿಡಿದರೆ ಅಲ್ಲೇ ಆಫ್ ಮಾಡಿ, ಕೆಲಸ ಮುಗಿದ ಮೇಲೆ ಹೆಸರನ್ನು ಮತ್ತೆ ಹಾಕಿ.